ತೊಳೆದ ಎಲೆಗಳು

ಹನ್ನೊಂದನೆಯ ಆಲದ ಸಸಿಯ ಎಲೆ ತೊಳೆಯುವಷ್ಟರಲ್ಲಿ ದ್ರಾಕ್ಷಾಯಿಣಿಗೆ ಸಾಕುಸಾಕಾಗಿತ್ತು. ಹಿಡಕಲ್ ಬಳಿಯ ಈ ಗುಡ್ಡದಲ್ಲಿ ಅವಳ ಸಂಸ್ಥೆ ನೆಟ್ಟಿದ್ದು ಇನ್ನೂರು ಸಸಿ. ಕುರಿ ಮೇಯ್ದು ಉಳಿದಿದ್ದು ಹನ್ನೊಂದು. ಅವಕ್ಕೂ ಯಾರೋ ಕುರಿಹಿಕ್ಕೆ ಕಲಸಿದ ರಾಡಿ ಮೆತ್ತಿದ್ದರು. ಫೋಟೊದಲ್ಲಿ ಎಲೆ ಹಸಿರಾಗಿ ಕಾಣಬೇಕೆಂದು ಹುಕ್ಕೇರಿ ಕಚೇರಿಯಿಂದ ಬೆಳಿಗ್ಗೆಯಿಂದ ಮೂರು ಸಲ ಫೋನು ಬಂದಿತ್ತು. ಅದಕ್ಕೇ ಅವಳು ಕ್ಯಾನು ನೀರು ಹೊತ್ತು ಗುಡ್ಡ ಹತ್ತಿದ್ದಳು.

ಫೋಟೊ ಕಳಿಸಿ ತಿರುಗಿದರೆ, ಕುರಿಹಿಂಡಿನ ಮುಂದೆ ಕುರಿ ಕಾಯುವ ಸೀತವ್ವ ನಿಂತಿದ್ದಳು.

"ನಿಮ್ಮ ಕುರಿ ತಿಂದದ್ದು ಸಾಲದಂತ, ಉಳಿದಿದ್ದಕ್ಕ ಹೊಲಸು ಬ್ಯಾರೆ ಬಳದಾರ ನೋಡ್ರಿ ಯವ್ವಾ."

ಸೀತವ್ವ ಹೊಳೆಯುವ ಎಲೆಗಳನ್ನೇ ನೋಡಿದಳು. "ನಾನ ಬಳದೇನ್ರಿ ಅಕ್ಕಾರ. ಹಿಕ್ಕಿ ವಾಸನಿ ಬಂದ್ರ ಕುರಿ ಬಾಯಿ ಹಾಕೂದಿಲ್ಲ. ಹನ್ನೊಂದಾದ್ರೂ ಉಳೀಲಿ ಅಂತ ವಾರಕ್ಕೊಮ್ಮಿ ಬಳಿಯಾಕತ್ತಿದ್ದೆ."

ಫೋನು ಸದ್ದು ಮಾಡಿತು. ಫೋಟೊ ಭಾಳ ಚಲೋ ಬಂದಾವು ಎಂದು ಕಚೇರಿಯವರು ಬರೆದಿದ್ದರು. ಅಷ್ಟರಲ್ಲಿ ಟಗರೊಂದು ಒದ್ದೆ ಎಲೆಯತ್ತ ಕತ್ತು ಚಾಚಿತು. ಸೀತವ್ವ ಕೋಲು ಅಡ್ಡ ಹಿಡಿದಳು. "ಲಗೂನ ಬಳೀರಿ."

ದ್ರಾಕ್ಷಾಯಿಣಿ ಬಗ್ಗಿ ಎರಡೂ ಕೈತುಂಬ ಹಿಕ್ಕೆ ಬಾಚಿಕೊಂಡಳು. ಕಲಸಲು ಕ್ಯಾನಿನಲ್ಲಿ ಹನಿ ನೀರಿರಲಿಲ್ಲ.