ನಾಲ್ಕೂರಿಗೆ ಒಂದೇ ಪ್ರತಿ

ಅರವತ್ತು ವರ್ಷದ ಸಾಹಿತ್ಯ ಮಾಸಿಕವನ್ನು ಓದುವವರಿಲ್ಲವೆಂದು ಮುಚ್ಚಲು ಹೊರಟಿದ್ದ ಸಂಪಾದಕರು, ಕೊನೆಯದಾಗಿ ಒಂದು ಹಳ್ಳಿಯ ವಾಚನಾಲಯಕ್ಕೆ ಬಂದರು. ಅಲ್ಲಿಯ ಒಂದೇ ಪ್ರತಿ ಬಸ್ಸಿನಲ್ಲಿ ನಾಲ್ಕೂರು ಸುತ್ತಿ ಬಂದು ಚಿಂದಿಯಾಗಿತ್ತು. ಆದರೂ ಅದಕ್ಕಾಗಿ ಜನ ಬಾಗಿಲವರೆಗೆ ಪಾಳಿ ಹಚ್ಚಿ ನಿಂತಿದ್ದರು. ಸಂಪಾದಕರ ಕಣ್ಣು ತುಂಬಿ ಬಂತು.

"ಇಷ್ಟು ಜನ ಇದ್ದೀರಲ್ಲ! ಇನ್ನು ನಿಲ್ಲಿಸೋದಿಲ್ಲ ಬಿಡಿ."

"ನಿಲ್ಲಿಸಿದ್ರ ನಾವು ಸತ್ತಂಗ ನೋಡ್ರಿ," ಎಂದಳು ಮುಂದೆ ನಿಂತಿದ್ದ ಫಕೀರವ್ವ.

"ಏನಾದರೂ ಸುಧಾರಣೆ ಆಗಬೇಕೇನಮ್ಮಾ?"

ಫಕೀರವ್ವ ಪುಟ ತೆರೆದು ತೋರಿಸಿದಳು. ಪದ್ಯದ ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ, 'ಅಕ್ಕಾ, ನಮ್ಮ ಎಮ್ಮಿ ಈದೈತಿ' ಎಂದಿತ್ತು. ಕೆಳಗೆ ಮುಂದಿನ ಊರಿನ ಉತ್ತರ: 'ಗಿಣ್ಣ ಕಳಸು. ನನ್ನ ಛತ್ರಿನೂ ಕಳಸು.'

"ಜಾಗಾನ ಸಾಲವಲ್ದರಿ ಸಾಹೇಬ್ರ. ನಡುವ ಅಚ್ಚು ಹಾಕೂದೊಂದು ಬಿಟ್ಟುಬಿಡ್ರಿ."