ಪುಟದ ಕೆಳಮೂಲೆ

“ಏಳು ನಿಮಿಷ, ಹೆಸ್ಟರ್. ನಿಮ್ಮ ದೃಶ್ಯ ತೆಗೆದ್ರೆ ಏಳು ನಿಮಿಷ ಉಳಿಯುತ್ತೆ. ಜನ ಕೊನೇ ಬಸ್ಸು ಹಿಡೀಬಹುದು,” ಎಂದ ನಿರ್ದೇಶಕ ಗ್ಯಾರೆತ್ ಮಾಂಕ್ಟನ್, ಷ್ರೂಸ್‌ಬರಿಯ ಹಳೆಯ ಗ್ರಂಥಾಲಯವೊಂದರ ಮೆಟ್ಟಿಲು ಹತ್ತುತ್ತ.

“ನಾನೂರು ವರ್ಷದಿಂದ ಯಾರ ಬಸ್ಸೂ ತಪ್ಪಿರಲಿಲ್ಲ ನೋಡು,” ಎಂದಳು ಹಿಂದಿನಿಂದ ಬರುತ್ತಿದ್ದ ಹೆಸ್ಟರ್ ಪಿಮ್. ಅರವತ್ತೆಂಟರ ಆ ನಟಿಗೆ ಎರಡು ವರ್ಷದ ನಂತರ ಸಿಕ್ಕ ಪಾತ್ರ ಇದು. ಇಡೀ ನಾಟಕದಲ್ಲಿ ಅವಳಿಗಿದ್ದದ್ದು ಅದೊಂದೇ ದೃಶ್ಯ. ಮೊದಲ ಪ್ರದರ್ಶನಕ್ಕೆ ಉಳಿದದ್ದು ಒಂಬತ್ತು ದಿನ.

ಒಂದನೇ ಜೇಮ್ಸ್ ದೊರೆಯ ಕಾಲದ ನಾಟಕ. ಬರೆದವನ ಬಗ್ಗೆ ಗೊತ್ತಿರುವುದನ್ನೆಲ್ಲ ಸೇರಿಸಿದರೂ ಅರ್ಧ ಪುಟ ತುಂಬುವುದಿಲ್ಲ. ನಾಟಕದಲ್ಲಿ ಐದು ಕೊಲೆ. ಒಂದು ಬಾವಿಯಲ್ಲಿ, ಒಂದು ಚರ್ಚಿನೊಳಗೇ. ನಾಲ್ಕನೇ ಅಂಕದಲ್ಲಿ ರಾಜಕುಮಾರನ ಮುದಿ ದಾದಿ ಅವನಿಗಾಗಿ ಉಣ್ಣೆಯ ಕಾಲುಚೀಲ ಹೆಣೆದು ತೆಗೆದುಕೊಂಡು ಅರಮನೆಯ ಬಾಗಿಲಿಗೆ ಬರುತ್ತಾಳೆ. ತಾನು ಸಾಕಿದ ಹುಡುಗ ಅದೇ ಮಧ್ಯಾಹ್ನ ಕೊಲೆಯಾಗಿದ್ದಾನೆ ಎಂಬುದು ಅವಳಿಗೆ ಗೊತ್ತಿಲ್ಲ. ಬಾಗಿಲಲ್ಲಿರುವ ಕಾವಲುಗಾರನಿಗೆ ಗೊತ್ತಿದೆ. ಅಷ್ಟೇ ದೃಶ್ಯ. ರಕ್ತಕ್ಕಾಗಿ ಸಕ್ಕರೆಪಾಕಕ್ಕೆ ಕೆಂಪು ಬಣ್ಣ ಬೆರೆಸಿ ಹತ್ತು ಲೀಟರ್ ಸಿದ್ಧ ಮಾಡಿಸಿದ್ದ ಗ್ಯಾರೆತ್‌ಗೆ ಅಲ್ಲಿ ಒಂದು ಹನಿಗೂ ಜಾಗ ಕಂಡಿರಲಿಲ್ಲ.

ಗ್ರಂಥಾಲಯದಲ್ಲಿ ಆ ನಾಟಕದ ಮೊದಲ ಮುದ್ರಣದ ಪ್ರತಿಯೊಂದಿತ್ತು. ಪ್ರೇಕ್ಷಕರಿಗೆ ಹಂಚುವ ಪುಸ್ತಿಕೆಯಲ್ಲಿ ಹಾಕಲು ಒಂದು ಪುಟದ ಚಿತ್ರ ಬೇಕೆಂದು ಗ್ಯಾರೆತ್ ಬಂದಿದ್ದ. ಹಿಂದಿನವರು ತನ್ನ ದೃಶ್ಯವನ್ನು ಏನು ಮಾಡಿದ್ದರೋ ನೋಡೋಣ ಎಂದು ಹೆಸ್ಟರ್ ಕರೆಯದೆಯೇ ಜೊತೆ ಬಂದಿದ್ದಳು.

ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ಬ್ರಯನಿ ಇಬ್ಬರನ್ನೂ ಮೊದಲು ತೊಟ್ಟಿಯ ಹತ್ತಿರ ಕಳಿಸಿದಳು. “ಸೋಪು ಹಾಕಿ ಕೈ ತೊಳೀರಿ. ಪೂರ್ತಿ ಒಣಗಬೇಕು.”

“ಬಿಳೀ ಗ್ಲೌಸ್ ಕೊಡಲ್ವಾ?” ಎಂದ ಗ್ಯಾರೆತ್.

“ಅದೆಲ್ಲ ಟೀವಿಯವರಿಗೆ. ಗ್ಲೌಸ್ ಹಾಕಿದ್ರೆ ಹಾಳೆಯ ಅಂಚು ಬೆರಳಿಗೆ ಗೊತ್ತಾಗಲ್ಲ, ಹರಿದುಹೋಗುತ್ತೆ. ಪುಟ ತಿರುಗಿಸಿ, ಬಿಟ್ಟುಬಿಡಿ. ಬೆರಳೂರಿಕೊಂಡು ಕೂತ್ಕೋಬೇಡಿ.”

ಅಂಗೈಗಿಂತ ಸ್ವಲ್ಪ ದೊಡ್ಡ ಪುಸ್ತಕ. ಗ್ಯಾರೆತ್ ನೇರವಾಗಿ ಐದನೇ ಅಂಕದ ಕೊಲೆಗಳಿಗೆ ಹೋದ. ಹಾಳೆಗಳು ನಿನ್ನೆ ಅಚ್ಚಾದಂತಿದ್ದವು.

“ಇಷ್ಟು ಶುಭ್ರವಾಗಿದೆಯಲ್ಲ! ಯಾರೂ ಓದೇ ಇಲ್ವೇ?”

“ಓದಿದಾರೆ. ಬೇಗ ಬೇಗ ದಾಟಿದಾರೆ,” ಎಂದಳು ಬ್ರಯನಿ. ಕಾಗದದ ಮೇಲಿನ ಕಪ್ಪನ್ನು ಅಳೆಯುವ ಪುಟ್ಟ ಉಪಕರಣವಿಟ್ಟು ಕಳೆದ ಚಳಿಗಾಲ ಅವಳು ಪ್ರತಿ ಪುಟದ ಮೂಲೆಯನ್ನೂ ಅಳೆದಿದ್ದಳು. “ಮೊದಲ ಪುಟ ಬಿಡಿ, ಹೊರಗಡೆ ಇದ್ದದ್ದು, ಕೊಳೆ ಸಹಜ. ಅದು ಬಿಟ್ರೆ ಎಲ್ಲಕ್ಕಿಂತ ಕೊಳೆಯಾದ ಪುಟ ಇದು,” ಎಂದು ನಾಲ್ಕನೇ ಅಂಕದ ಒಂದು ಪುಟ ತೆರೆದಳು.

ಅಕ್ಷರಗಳು ಹಳೆಯ ರೀತಿಯವು. ಆದರೂ ಹೆಸ್ಟರ್‌ಗೆ ತನ್ನ ಮಾತುಗಳ ಗುರುತು ಹತ್ತಿತು. ದಾದಿ, ಬಾಗಿಲು, ಕಾಲುಚೀಲ. ಬಲಗಡೆಯ ಕೆಳಮೂಲೆಯಲ್ಲಿ ಮೊಟ್ಟೆಯಾಕಾರದ ಕಂದು ಗುರುತು.

“ಯಾರೋ ಮಾಂಸದ ಪೈ ತಿಂದು ಕೈ ಒರೆಸಿರ್ತಾನೆ, ಬಿಡಿ,” ಎಂದ ಗ್ಯಾರೆತ್.

“ಜಿಡ್ಡಾಗಿದ್ರೆ ಹಿಂದಿನ ಬದಿಗೂ ಇಳೀತಿತ್ತು. ಇದು ಬರೀ ಕೈ ಕೊಳೆ. ಪದರದ ಮೇಲೆ ಪದರ. ಒಬ್ಬರದ್ದಲ್ಲ.”

“ಅಂದ್ರೆ ಜನಕ್ಕೆ ಇಷ್ಟ ಆಗಿತ್ತು, ಅಲ್ವೇನಮ್ಮಾ?” ಹೆಸ್ಟರ್ ಮುಂದಕ್ಕೆ ಬಾಗಿದಳು.

“ಅದನ್ನ ನಾನು ಹೇಳಕ್ಕಾಗಲ್ಲ. ಬೆರಳುಗಳು ಇಲ್ಲಿ ನಿಂತಿದ್ವು. ಯಾಕೆ ನಿಂತ್ವು ಅಂತ ಯಂತ್ರ ಹೇಳಲ್ಲ.”

ಗ್ಯಾರೆತ್ ನಕ್ಕ. ಹೆಸ್ಟರ್ ಕುರ್ಚಿಯನ್ನು ಎಳೆದುಕೊಂಡು ಅವನೆದುರು ಕೂತಳು. “ಕಾವಲುಗಾರನ ಮಾತು ನೀನು ಓದು. ಗಟ್ಟಿಯಾಗಿ.”

“ಇಲ್ಲೇ? ಈಗಲೇ?”

“ಏಳೇ ನಿಮಿಷ ಅಲ್ವೇನಯ್ಯಾ?”

ಅವನು ಈ ದೃಶ್ಯವನ್ನು ಓದಿದ್ದು ಒಂದೇ ಸಲ, ಲಂಡನ್ನಿನಿಂದ ಬರುವಾಗ ರೈಲಿನಲ್ಲಿ. ಓದುತ್ತಲೇ ಅಡ್ಡಗೆರೆ ಎಳೆದಿದ್ದ. ಗಟ್ಟಿಯಾಗಿ ಓದಿದ್ದಿಲ್ಲ. ಈಗ ಒಡಕು ಅಚ್ಚಿನ ಮೇಲೆ ಕಣ್ಣು ಸಣ್ಣದು ಮಾಡಿ ಶುರುಮಾಡಿದ: ಯಾರು ಅಲ್ಲಿ? ಹೊತ್ತು ಮೀರಿದೆ, ಮುದುಕಿ, ಹೋಗು. ಹೆಸ್ಟರ್ ಪುಸ್ತಕ ನೋಡಲಿಲ್ಲ. ಇಲ್ಲದ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಎಡಗಾಲಿನದು ಒಂದು ಸಾಲು ಬಿಗಿಯಾಗಿದೆ, ಕಣ್ಣು ಮಂಜು, ಅವನಿಗೆ ಹೇಳು ಬೈಕೊಳ್ಳಬಾರದು ಅಂತ. ಗ್ಯಾರೆತ್ ಮೊದಮೊದಲು ಓಡಿಸಿಕೊಂಡು ಓದುತ್ತಿದ್ದವನು ನಾಲ್ಕನೇ ಮಾತಿನ ಹೊತ್ತಿಗೆ ನಿಧಾನವಾಗಿದ್ದ.

“ಚಿಕ್ಕಂದಿನಿಂದ ಅವನ ಪಾದ ಬೇಗ ತಣ್ಣಗಾಗುತ್ತೆ,” ಎಂದಳು ಹೆಸ್ಟರ್. “ನೀನು ಈಗ ಅವನನ್ನ ನೋಡಿ ಬಂದವನು. ಹೇಳು, ಬೆಚ್ಚಗಿದ್ದಾನಾ?”

ಪುಟ ಅಲ್ಲಿಗೆ ಮುಗಿದಿತ್ತು. ಕಾವಲುಗಾರನ ಉತ್ತರ ಹಾಳೆಯ ಆಚೆ ಬದಿಯಲ್ಲಿ. ಮುಂದಿನ ಪುಟದ ಮೊದಲ ಪದವನ್ನು ಕೆಳಮೂಲೆಯಲ್ಲಿ ಅಚ್ಚು ಹಾಕುವುದು ಆ ಕಾಲದ ಪದ್ಧತಿ. ಗ್ಯಾರೆತ್ ಅದನ್ನು ಹುಡುಕಿದ. ಅದು ಸವೆದು ಅಳಿಸಿಹೋಗಿತ್ತು.

“ಹೇಳಪ್ಪಾ,” ಎಂದಳು ಹೆಸ್ಟರ್. ಅದು ದಾದಿಯ ಮಾತೋ ಅವಳದೋ ತಿಳಿಯಲಿಲ್ಲ.

ಗ್ಯಾರೆತ್ ಪುಟ ತಿರುಗಿಸಲಿಲ್ಲ. ಅವನ ಹೆಬ್ಬೆರಳು ಅಳತೆ ಮಾಡಿ ಇಟ್ಟಂತೆ ಆ ಕಂದು ಗುರುತಿನ ಮೇಲೆ ಕೂತಿತ್ತು. ಬೆರಳು ತೆಗೀರಿ ಎನ್ನಲು ಬ್ರಯನಿ ಬಾಯಿ ತೆರೆದಳು, ಹೇಳಲಿಲ್ಲ.