ಅಪ್ಪನಿಗೆ ಯಾರ ಅಂಗಿ

ರೇಮಂಡ್ ತಂದ ಅಂಗಿಯ ಬೆನ್ನ ಮೇಲೆ ಮಲ್ಲಾಯ್ ಎಂದು ಬರೆದಿತ್ತು. ಕೀತ್ ತಂದದ್ದರ ಮೇಲೆ ವಿಟ್ಲೋ. ಎರಡನ್ನೂ, ಅಪ್ಪನ ಶವವನ್ನು ಸಿದ್ಧಪಡಿಸಿ ಇಟ್ಟಿದ್ದ ಫ್ಯೂನರಲ್ ಹೋಮಿನ ಪಕ್ಕದ ಕೋಣೆಯ ಮೇಜಿನ ಮೇಲೆ ಹಾಸಿ, ಅಣ್ಣತಮ್ಮಂದಿರು ಆಚೆಗೊಬ್ಬ ಈಚೆಗೊಬ್ಬ ಕೂತರು. ನಡುವೆ ತಾಯಿ ಲೊರೆಟ್ಟಾ, ಕೈಯಲ್ಲಿ ಜಪಮಾಲೆ. ಮಧ್ಯಾಹ್ನ ಎರಡಕ್ಕೆ ಊರಿನವರು ಅಂತಿಮ ದರ್ಶನಕ್ಕೆ ಬರುವುದಿತ್ತು. ಅಷ್ಟರೊಳಗೆ ಅಪ್ಪನಿಗೆ ಯಾವ ಅಂಗಿ ತೊಡಿಸುವುದೆಂದು ತೀರ್ಮಾನವಾಗಬೇಕು.

"ನಿಮ್ಮಪ್ಪ ಕೊನೆಗೆ ಹೇಳಿದ್ದು ಇಷ್ಟೇ," ಎಂದಳು ಲೊರೆಟ್ಟಾ. "ಎಲ್ಲ ಕಾಲಕ್ಕೂ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರೋ, ಅವನ ಅಂಗಿ ಹಾಕಿ ಕಳಿಸಿ ಅಂತ. ಹೆಸರು ಹೇಳೋಷ್ಟರಲ್ಲಿ ಕಣ್ಣು ಮುಚ್ಚಿದ್ರು."

ಅಮೆರಿಕದ ಮೊನೊಂಗಹೀಲಾ ನದಿಯ ದಂಡೆಯ ಆ ಊರಲ್ಲಿ, ಚೆಂಡೆಸೆದು ತಂಡವನ್ನು ಆಡಿಸುವ ಕ್ವಾರ್ಟರ್‌ಬ್ಯಾಕ್‌ಗಳ ಫುಟ್‌ಬಾಲ್ ಅಂಗಿ ತೊಟ್ಟು ಮಣ್ಣಿಗೆ ಹೋದವರು ಬೇಕಾದಷ್ಟು ಜನ. ಹಾಗಾಗಿ ಅವಳ ಮಾತನ್ನು ಯಾರೂ ಅನುಮಾನಿಸಲಿಲ್ಲ. ತೊಂದರೆ ಬೇರೆಯದೇ ಇತ್ತು. ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಅಪ್ಪ ಹಾಸಿಗೆ ಹಿಡಿದ ಹೊಸತರಲ್ಲಿ, ಕ್ರೀಡಾಂಗಣದಲ್ಲಿ ಅಜ್ಜನ ಕಾಲದಿಂದ ಮನೆತನಕ್ಕೆ ಉಳಿದುಬಂದಿದ್ದ ಅಪ್ಪನ ಕುರ್ಚಿಯಲ್ಲಿ ರೇಮಂಡ್ ಒಂದು ಭಾನುವಾರ ತನ್ನ ಹೆಂಡತಿಯ ತಮ್ಮನನ್ನು ಕೂರಿಸಿದ್ದ. ಆ ಮಹಾಶಯ ಎದುರು ತಂಡದ ಟೋಪಿ ಹಾಕಿಕೊಂಡು ಬಂದಿದ್ದ. ಟೀವಿಯಲ್ಲಿ ಅದನ್ನು ಕಂಡ ಕೀತ್ ಅಂದಿನಿಂದ ಅಣ್ಣನ ಮನೆಯ ಬೀದಿಯನ್ನೂ ತುಳಿದಿರಲಿಲ್ಲ.

ಆದ್ದರಿಂದ ವಾದ ಮೊದಲು ಅಮ್ಮನ ಮುಖಾಂತರವೇ ನಡೆಯಿತು.

"ಅಮ್ಮಾ, ಅವನಿಗೆ ಹೇಳು," ಎಂದ ರೇಮಂಡ್. "ಮಲ್ಲಾಯ್ ಕೈಯಲ್ಲಿ ಚಾಂಪಿಯನ್ ಆದವರಿಗೆ ಕೊಡೋ ಉಂಗುರ ನಾಲ್ಕಿದೆ. ವಿಟ್ಲೋ ಕೈಲಿರೋದು ಮದುವೆ ಉಂಗುರ ಒಂದೇ."

"ಅಮ್ಮಾ, ಇವನಿಗೆ ಹೇಳು," ಎಂದ ಕೀತ್. "ಮಲ್ಲಾಯ್ ಮುಂದೆ ಕಾವಲು ನಿಂತಿದ್ದ ಐದು ಜನ ಇಗರ್ಜಿ ಗೋಡೆ ಥರ ಇದ್ರು. ಅವರ ಹಿಂದೆ ನಿಂತು ನಮ್ಮಜ್ಜಿ ಸ್ವೆಟರ್ ಹೆಣೆದು ಮುಗಿಸಿ ಆಮೇಲೆ ಚೆಂಡು ಎಸೀಬಹುದಿತ್ತು."

ಲೊರೆಟ್ಟಾ ಅತ್ತಿತ್ತ ಮುಖ ತಿರುಗಿಸಿ ಎರಡನ್ನೂ ಅಕ್ಷರ ಬಿಡದೆ ದಾಟಿಸಿದಳು. ಮೂರನೆಯ ಸಲ ಮಾತ್ರ ಸ್ವಲ್ಪ ಸೇರಿಸಿದಳು. ವಿಟ್ಲೋ ಎಸೆದದ್ದರಲ್ಲಿ ಕೆಲವು ಎದುರಾಳಿಯ ಕೈ ಸೇರಿದವು ಎಂದು ರೇಮಂಡ್ ಅಂದದ್ದನ್ನು, ವಿಟ್ಲೋಗೆ ಕಣ್ಣೇ ಕಾಣುತ್ತಿರಲಿಲ್ಲವಂತೆ ಎಂದು ಹೇಳಿದಳು. ಕೀತ್ ಎದ್ದುನಿಂತ. ನೇರ ಅಣ್ಣನ ಕಡೆಗೇ ತಿರುಗಿದ.

ಅಲ್ಲಿಂದ ಮುಂದೆ ಅಮ್ಮ ಬೇಕಾಗಲಿಲ್ಲ. ಗೆದ್ದವನು ದೊಡ್ಡವನೋ, ಸೋಲುವ ತಂಡವನ್ನು ಹೆಗಲ ಮೇಲೆ ಹೊತ್ತವನು ದೊಡ್ಡವನೋ ಎಂದು ಒಬ್ಬರ ಮಾತಿನ ಮೇಲೊಬ್ಬರು ಬಿದ್ದರು. ಮಲ್ಲಾಯ್‌ಗೆ ಒಳ್ಳೆಯ ಕೋಚ್ ಸಿಕ್ಕಿದ್ದ ಎಂದ ಕೀತ್. ಹೇಳಿದವರ ಮಾತು ಕೇಳುವುದೂ ಒಂದು ವಿದ್ಯೆ, ನಿನಗದು ಯಾವತ್ತೂ ಬರಲಿಲ್ಲ ಎಂದ ರೇಮಂಡ್. ಹಿಮ ಸುರಿಯುತ್ತಿದ್ದ ಒಂದು ಪಂದ್ಯದಲ್ಲಿ ವಿಟ್ಲೋ ಮುರಿದ ಪಕ್ಕೆಲುಬು ಇಟ್ಟುಕೊಂಡು ಕೊನೆಯ ಗಳಿಗೆಯಲ್ಲಿ ಚೆಂಡನ್ನು ಇಡೀ ಮೈದಾನ ದಾಟಿಸಿದ್ದನ್ನು ಕೀತ್ ಕುರ್ಚಿಗಳನ್ನೇ ಆಟಗಾರರನ್ನಾಗಿ ನಿಲ್ಲಿಸಿ ತೋರಿಸಿದ. ರೇಮಂಡ್ ಒಂದು ಕುರ್ಚಿಯನ್ನು ಎಳೆದು, ಇವನು ಇಲ್ಲಿ ನಿಂತಿದ್ದ ಕಣೋ ಎಂದು ತಿದ್ದಿದ. ಲೊರೆಟ್ಟಾಳ ಬೆರಳು ಒಂದೇ ಮಣಿಯ ಮೇಲೆ ನಿಂತುಬಿಟ್ಟಿತ್ತು.

"ಆವತ್ತು ಅಪ್ಪನೇ ನನ್ನ ಹತ್ತಿರ ಅಂದಿದ್ದು," ಎಂದ ಕೀತ್, "ವಿಟ್ಲೋನಂಥವನು ಇನ್ನೊಬ್ಬ ಹುಟ್ಟಲ್ಲ ಅಂತ."

"ನನ್ನ ಹತ್ತಿರ ಮಲ್ಲಾಯ್ ಅಂತ ಅಂದಿದ್ರು."

ಕೀತ್ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟ.

"ಅಣ್ಣಾ, ನಿಂಗೂ ಪೂಸಿ ಹೊಡೀತಿದ್ರಾ?"

ರೇಮಂಡ್‌ಗೆ ನಗು ಬಂತು. ಕೀತ್‌ಗೂ ತಡೆಯಲಾಗಲಿಲ್ಲ. ಎರಡು ಅಂಗಿಯನ್ನೂ ಮಡಿಸಿ ಶವಪೆಟ್ಟಿಗೆಯಲ್ಲಿ ಅಪ್ಪನ ಅಕ್ಕಪಕ್ಕ ಇಟ್ಟರಾಯಿತು ಎಂದು ಅರೆಗಳಿಗೆಯಲ್ಲಿ ಒಪ್ಪಂದವಾಗಿಹೋಯಿತು. ಒಪ್ಪಂದವಾದದ್ದೇ ತಡ, ಆಡಲು ಮಾತು ಉಳಿಯಲಿಲ್ಲ. ರೇಮಂಡ್ ಫೋನ್ ತೆಗೆದ. ಕೀತ್ ಕೋಟಿಗೆ ಒಂದು ತೋಳು ತೂರಿಸಿ, ಎರಡಕ್ಕೆ ಬರುತ್ತೇನೆ ಎಂದು ಗೋಡೆಗೆ ಹೇಳಿದ.

ಅಷ್ಟರಲ್ಲಿ ಫ್ಯೂನರಲ್ ಹೋಮಿನ ಯಜಮಾನ ಪಾಸ್ಟೂಶಾಕ್ ಬಾಗಿಲಲ್ಲಿ ಇಣುಕಿ ಲೊರೆಟ್ಟಾಳನ್ನು ಹೊರಗೆ ಕರೆದ.

"ಏನಮ್ಮಾ ಇದು? ಬೆಳಿಗ್ಗೇನೇ ನೀವು ಹೇಳಿದ ಹಾಗೆ ನೀಲಿ ಸೂಟು ತೊಡಿಸಿ, ಟೈ ಕಟ್ಟಿ ಮಲಗಿಸಿದ್ದೀನಿ. ಒಳಗೆ ನೋಡಿದ್ರೆ ಇನ್ನೂ ಅಂಗಿ ಆರಿಸ್ತಿದ್ದಾರೆ. ನಿಮ್ಮ ಯಜಮಾನ್ರು ನಿಜಕ್ಕೂ ಅಂಗಿ ಬೇಕು ಅಂತ ಹೇಳಿದ್ರಾ?"

"ಅವರು ಕೊನೆಗೆ ಕೇಳಿದ್ದು ಒಂದು ಚೂರು ಐಸು," ಎಂದಳು ಲೊರೆಟ್ಟಾ, ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡು. "ಸಣ್ಣಗೆ ಮಾತಾಡಪ್ಪ. ಎರಡು ವರ್ಷದ ಮೇಲೆ ಒಂದೇ ಕೋಣೆಯಲ್ಲಿ ಕೂತಿದ್ದಾರೆ."

ಅವಳು ಒಳಗೆ ಬಂದಾಗ ಕೀತ್ ಕೋಟಿನ ಇನ್ನೊಂದು ತೋಳು ಹುಡುಕುತ್ತಿದ್ದ. ಲೊರೆಟ್ಟಾ ತನ್ನ ಜಾಗದಲ್ಲಿ ಕೂತು, ಮಣಿ ಸರಿಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ನನ್ನ ಕೇಳಿದ್ರೆ ಇಬ್ಬರೂ ಅಲ್ಲ. ಆ ಎಡಗೈಲಿ ಎಸೀತಿದ್ದ ಗಾರ್ವಿನ್ ಇದ್ನಲ್ಲ, ಅವನೇ. ಹಲ್ಲು ಎಷ್ಟು ಚೆನ್ನಾಗಿತ್ತು."

ಕೋಟಿನ ತೋಳು ಅರ್ಧದಲ್ಲೇ ನಿಂತಿತು. ರೇಮಂಡ್ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಗಾರ್ವಿನ್ನಾ?" ಎಂದರು ಇಬ್ಬರೂ ಒಟ್ಟಿಗೆ.

ಕೀತ್ ಕೋಟು ಕಿತ್ತೆಸೆದು, ಅಣ್ಣನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಅಮ್ಮನಿಗೆ ಎದುರಾಗಿ ಕೂತ. ಹಲ್ಲಿಗೂ ಆಟಕ್ಕೂ ಏನು ಸಂಬಂಧ, ನಿನಗೆ ಆಟವನ್ನು ಮೊದಲಿನಿಂದ ತಿಳಿಸಿಕೊಡಬೇಕಾಗುತ್ತದೆ ಎಂದ ರೇಮಂಡ್.

"ನಿಧಾನಕ್ಕೆ ಹೇಳಿ," ಎಂದಳು ಲೊರೆಟ್ಟಾ. "ನನಗೆ ಬೇಗ ಅರ್ಥ ಆಗಲ್ಲ."